ಸಿಪಾಯಿ ಬಟ್ಟೆಯ ಪುಟ್ಟ ಕೋಟು

ನನ್ನ ಉಣ್ಣೆದಾರದ ಅಂಗಡಿಯ ಮೇಲಿನ ಮಹಡಿಯಲ್ಲಿ ಸೆನ್ಸಿ ಇದ್ದಳು. ಪೂರ್ತಿ ಹೆಸರು ಕ್ರೆಸೆನ್ಸ್ ಔಮ್ಯುಲರ್. ಜರ್ಮನಿಯ ನಮ್ಮ ರೇಗನ್ಸ್‌ಬುರ್ಗಿನಲ್ಲಿ ಪಾದ್ರಿಯೊಬ್ಬರನ್ನು ಬಿಟ್ಟರೆ ಯಾರೂ ಅವಳನ್ನು ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಹಳೆಯ ಸೈನಿಕ ಸಮವಸ್ತ್ರಗಳನ್ನು ನೋಡಿ ಅಸಲಿಯೋ ನಕಲಿಯೋ, ಯಾವ ಕಾಲದ್ದು, ಯಾವ ಪಡೆಯದ್ದು, ಎಷ್ಟು ಬೆಲೆ ಬರುತ್ತದೆ ಎಂದು ಹೇಳುವುದು ಅವಳ ಕಸುಬು. ಮ್ಯೂನಿಕ್‌ನಿಂದ, ವಿಯೆನ್ನಾದಿಂದ ಕೂಡ ಸಂಗ್ರಾಹಕರು ಬಟ್ಟೆಗಂಟು ಹಿಡಿದು ಅವಳ ಮೆಟ್ಟಿಲು ಹತ್ತುತ್ತಿದ್ದರು.

ಈ ವಿದ್ಯೆ ಅವಳಿಗೆ ಬಂದದ್ದು ಹಸಿವಿನ ಕಾಲದಲ್ಲಿ. ಹಿಟ್ಲರನ ಯುದ್ಧ ಮುಗಿದ ಚಳಿಗಾಲದಲ್ಲಿ ಊರಲ್ಲಿ ಹೊಸ ಬಟ್ಟೆ ಎಂಬುದೇ ಇರಲಿಲ್ಲ. ಸಿಪಾಯಿ ಅಂಗಿಯನ್ನು ಹಾಗೇ ತೊಡುವಂತಿಲ್ಲ, ಬಣ್ಣ ಬದಲಿಸಲೇಬೇಕು ಎಂದು ಊರನ್ನು ಗೆದ್ದು ಆಳುತ್ತಿದ್ದ ಅಮೆರಿಕದವರ ಕಟ್ಟಪ್ಪಣೆ. ಸೆನ್ಸಿಯ ತಾಯಿ ದರ್ಜಿಯಾಗಿದ್ದಳು. ಜನ ತಂದುಕೊಟ್ಟ ಸಮವಸ್ತ್ರಗಳನ್ನು ಬಿಚ್ಚಿ, ಬಣ್ಣ ಹಾಕಿ, ಲಂಗ ಕೋಟುಗಳನ್ನು ಹೊಲಿದುಕೊಡುತ್ತಿದ್ದಳು. ಹೊಲಿಗೆ ಬಿಚ್ಚುವ ಕೆಲಸ ಹುಡುಗಿ ಸೆನ್ಸಿಯದು. ಒಲೆಯ ಪಕ್ಕ ಕೂತು ಬ್ಲೇಡಿನಿಂದ ಒಂದೊಂದೇ ಎಳೆ ಕತ್ತರಿಸುತ್ತಾ, ಯಾವ ಕಾಲರಿನೊಳಗೆ ಯಾವ ಕ್ಯಾನ್ವಾಸು, ಯಾವ ವರ್ಷದಿಂದ ಉಣ್ಣೆಗೆ ಚಿಂದಿ ಬೆರೆಸಿದರು ಎಂಬುದೆಲ್ಲ ಅವಳ ಬೆರಳಿಗೆ ಅಭ್ಯಾಸವಾಯಿತು. ಹೊರಗಿನಿಂದ ನೋಡಿ ಮೋಸಹೋಗುವವರ ನಡುವೆ ಅವಳು ಬಟ್ಟೆಯನ್ನು ಒಳಗಿನಿಂದ ಬಲ್ಲವಳಾಗಿದ್ದಳು.

ಹಾಬರ್‌ಕೋರ್ನ್ ಎಂಬ ಹಲ್ಲಿನ ಡಾಕ್ಟರು ಅವಳ ಹಳೆಯ ಗಿರಾಕಿ. ಕೈಸರ್ ಚಕ್ರವರ್ತಿಯ ಕಾಲದ ಬವೇರಿಯಾದ ಸಿಪಾಯಿ ಅಂಗಿಗಳೆಂದರೆ ಅವರಿಗೆ ಪ್ರಾಣ. ಒಮ್ಮೆ ನನ್ನ ಮುಂದೆಯೇ ಅವಳನ್ನು ಕೆಣಕಿದರು.

“ನೀನೂ ನಿಮ್ಮಮ್ಮನೂ ಕತ್ತರಿಸಿ ಹಾಕಿದ್ದನ್ನೆಲ್ಲ ಇಟ್ಟುಕೊಂಡಿದ್ರೆ ಇವತ್ತು ಈ ಬೀದೀನೇ ಕೊಂಡ್ಕೋಬಹುದಿತ್ತು, ಸೆನ್ಸಿ.”

“ಬೀದಿ ತಗೊಂಡು ಏನ್ ಮಾಡ್ಲಿ ಡಾಕ್ಟ್ರೇ? ಆ ವರ್ಷ ಈ ಬೀದಿ ಮಕ್ಕಳು ಯಾರೂ ಚಳಿಗೆ ಸಾಯಲಿಲ್ಲ,” ಎಂದಳು ಸೆನ್ಸಿ, ಕೈಯಲ್ಲಿದ್ದ ಗುಂಡಿಯಿಂದ ಕಣ್ಣು ತೆಗೆಯದೆ.

ನಾಜಿಗಳ ಕಾಲದ ಬಟ್ಟೆ ಬಂದರೆ ಚಿಹ್ನೆಯ ಮೇಲೆ ಕಾಗದ ಅಂಟಿಸಿಯೇ ಮೇಜಿನ ಮೇಲಿಡುತ್ತಿದ್ದಳು. ಅಂಥ ಬಟ್ಟೆ ಕಂಡು ಕಣ್ಣರಳಿಸುವ ಗಿರಾಕಿಗೆ, ತನಗೆ ಬಿಡುವಿಲ್ಲವೆಂದು ಹೇಳಿ ಬಾಗಿಲು ತೋರಿಸುತ್ತಿದ್ದಳು.

ಎಂಬತ್ತರ ದಶಕದ ಒಂದು ಮಾರ್ಚ್ ತಿಂಗಳಲ್ಲಿ ಗುಡ್ರುನ್ ಎಂಬ ಹೆಂಗಸು ಶ್ಟ್ರಾವ್‌ಬಿಂಗ್‌ನಿಂದ ಬಂದಳು. ಮೇಲೆ ಹೋಗಲು ಅಳುಕಿ ಮೊದಲು ನನ್ನ ಅಂಗಡಿಗೇ ಬಂದು, ಬೇಡದ ದಾರದುಂಡೆಯೊಂದನ್ನು ಕೊಂಡಳು. ನಾನೇ ಜೊತೆಗೆ ಕರೆದುಕೊಂಡು ಹೋದೆ. ಕೂತ ಮೇಲೂ ಚೀಲ ಬಿಚ್ಚಲಿಲ್ಲ. ಸೆನ್ಸಿ ಕಾಫಿ ಕೊಟ್ಟು, ಕಿಟಕಿಯ ಹೂಕುಂಡಕ್ಕೆ ನೀರು ಹಾಕುತ್ತಾ ಕಾದಳು.

ಕೊನೆಗೆ ಚೀಲದಿಂದ ಹೊರಬಂದದ್ದು ಐದು ವರ್ಷದ ಮಗು ತೊಡುವಂಥ ಕಂದು ಕೋಟು. ತಂದೆ ರಜೆಗೆ ಬಂದಾಗ ಬಿಟ್ಟುಹೋದ ಸಿಪಾಯಿ ಅಂಗಿಯಿಂದ ಅಮ್ಮ ಅದನ್ನು ತನಗೆ ಹೊಲಿದಿದ್ದಳು ಎಂದು ಗುಡ್ರುನ್ ಹೇಳಿದಳು. ತಂದೆ ಮರಳಲಿಲ್ಲ. ಎಲ್ಲರ ಹಾಗೆ ಅವನೂ ಒಬ್ಬ ಸಿಪಾಯಿ ಎಂದಷ್ಟೇ ಅಮ್ಮ ಹೇಳುತ್ತಿದ್ದಳು. ಮತ್ತೆ ಕೇಳಿದರೆ ಎದ್ದು ಹೋಗುತ್ತಿದ್ದಳು. ಈಗ ಅವಳು ವೃದ್ಧಾಶ್ರಮದಲ್ಲಿದ್ದಳು.

“ಸಂಗ್ರಹ ಮಾಡೋರಿಗೆ ಇದು ಬೇಡ. ಕತ್ತರಿಸಿದ ಬಟ್ಟೆಗೆ ಬೆಲೆಯಿಲ್ಲ,” ಎಂದಳು ಸೆನ್ಸಿ.

“ಮಾರೋಕೆ ಬಂದಿಲ್ಲ. ಅವನು ಯಾವ ಪಡೆಯವನು ಅಂತ ಗೊತ್ತಾಗಬೇಕು.”

ಸೆನ್ಸಿ ಕೋಟನ್ನು ಕಿಟಕಿಯ ಬಳಿ ಒಯ್ದು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ಎದೆಯ ಭಾಗದ ಬಟ್ಟೆ ನುಣ್ಣಗಿತ್ತು. ಅಲ್ಲಿ ಎಂದೂ ಏನನ್ನೂ ಹೊಲಿದಿರಲಿಲ್ಲ. ಎಡತೋಳಿನ ಮೇಲ್ಭಾಗ ಬಂದಾಗ ಅವಳ ಬೆರಳು ನಿಂತಿತು. ನನಗೂ ಕಂಡಿತು: ಬಣ್ಣದ ಅಡಿಯಲ್ಲಿ ಸೂಜಿತೂತುಗಳು, ಅವುಗಳ ನಡುವೆ ರೆಕ್ಕೆ ಚಾಚಿದ ಹಕ್ಕಿಯಂಥ ಗಾಢ ಕಲೆ. ಸಾಮಾನ್ಯ ದಂಡಿನವರು ಹದ್ದಿನ ಚಿಹ್ನೆಯನ್ನು ಬಲ ಎದೆಗೆ ಹೊಲಿಸುತ್ತಿದ್ದರು. ಎಡತೋಳಿಗೆ ಹೊಲಿಸುತ್ತಿದ್ದವರು ಎಸ್ಸೆಸ್‌ನವರು, ಕೊಲೆಶಿಬಿರಗಳನ್ನು ನಡೆಸಿದ ಹಿಟ್ಲರನ ಆಪ್ತ ಪಡೆಯವರು.

ಸೆನ್ಸಿ ಕುರ್ಚಿಯನ್ನು ಗುಡ್ರುನ್‌ಳ ಮೊಣಕಾಲು ತಾಗುವಷ್ಟು ಹತ್ತಿರ ಎಳೆದು ಕೂತಳು.

“ನಿಮಗೆ ಸುಳ್ಳು ಹೇಳೋಕೆ ನನಗೆ ಮನಸ್ಸಿಲ್ಲ. ಇದು ಎಸ್ಸೆಸ್ ಅಂಗಿ. ನಿಮ್ಮಪ್ಪ ಎಲ್ಲಿದ್ರು, ಏನು ಮಾಡಿದ್ರು ಅನ್ನೋದನ್ನ ಬಟ್ಟೆ ಹೇಳಲ್ಲ. ಆದ್ರೆ ಇದು ಇಷ್ಟು ಹೇಳುತ್ತೆ.”

ಗುಡ್ರುನ್ ಅಳಲಿಲ್ಲ. ತನಗೆ ಗೊತ್ತಿತ್ತು ಎಂದಳು. ಶಾಲೆಯಲ್ಲಿದ್ದಾಗಲೇ ಒಂದು ಅನುಮಾನ ಮನಸ್ಸಿನಲ್ಲಿ ಕೂತಿತ್ತಂತೆ. ಇದನ್ನು ಸುಟ್ಟುಬಿಡಲೇ ಎಂದು ಕೇಳಿದಳು.

ಸೆನ್ಸಿ ಕೋಟಿನ ಒಳಮಗ್ಗುಲು ತಿರುಗಿಸಿ ಅವಳ ತೊಡೆಯ ಮೇಲಿಟ್ಟಳು. ತುದಿಯ ಮಡಿಕೆಯನ್ನು ಮಗು ಬೆಳೆದಂತೆಲ್ಲ ಬಿಚ್ಚಿ ಇಳಿಸಿದ್ದ ಗೆರೆಗಳನ್ನು ತೋರಿಸಿದಳು. ಕುತ್ತಿಗೆಗೆ ಒರಟು ಉಣ್ಣೆ ಚುಚ್ಚದಿರಲೆಂದು ಕಾಲರಿಗೆ ಒಳಗಿನಿಂದ ಹಳೆಯ ರೇಷ್ಮೆಯ ತುಂಡು ಹೊಲಿದಿತ್ತು. ಯಾವುದೋ ಒಳ್ಳೆಯ ರವಿಕೆಯನ್ನು ಹರಿದು ಮಾಡಿದ್ದಿರಬೇಕು.

“ಬಟ್ಟೆ ನಿಮ್ಮಪ್ಪಂದು. ಕೋಟು ನಿಮ್ಮಮ್ಮಂದು,” ಎಂದಳು. “ಸುಡೋದಾದ್ರೆ ಒಂದ್ಸಲ ಅವರನ್ನ ಕೇಳಿ ಸುಡಿ.”

ಗುಡ್ರುನ್ ಆ ರೇಷ್ಮೆಯ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಳು. ಆಗ ಅತ್ತಳು. ನಾನು ಅಂಗಡಿಗೆ ಇಳಿದುಬಂದೆ.

ಈಸ್ಟರ್ ಕಳೆದ ಮೇಲೆ ಅವಳು ಪ್ಲಮ್ ಹಣ್ಣಿನ ಜಾಮು ಹಿಡಿದುಕೊಂಡು ಮತ್ತೆ ಬಂದಳು. ಕೋಟನ್ನು ಅಮ್ಮನ ಹಾಸಿಗೆಯ ಮೇಲೆ ಹರವಿ ಎಡತೋಳನ್ನು ತೋರಿಸಿದ್ದಳಂತೆ. ಮುದುಕಿ ಬಹಳ ಹೊತ್ತು ಆ ಕಲೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಹದ್ದನ್ನು ತಾನೇ ಕಿತ್ತು ಒಲೆಗೆ ಹಾಕಿದೆ, ಅದರ ಗುರುತು ಹೋಗಲಿಲ್ಲ ಎಂದಳು. ಹಾಗಿದ್ದರೆ ಆ ಬಟ್ಟೆಯನ್ನೇ ಯಾಕೆ ತೊಡಿಸಿದೆ ಎಂದು ಮಗಳು ಕೇಳಿದಳು.

“ನಿನಗೆ ಚಳಿಯಾಗ್ತಿತ್ತು ಕಣೇ,” ಎಂದಳಂತೆ ಅಮ್ಮ. “ಮನೇಲಿ ಬೇರೆ ಬಟ್ಟೆ ಇರಲಿಲ್ಲ.”

ಆಮೇಲೆ ಅವಳು ಗಂಡನ ಬಗ್ಗೆ ತನಗೆ ಗೊತ್ತಿದ್ದಷ್ಟನ್ನು ಹೇಳಿದಳು. ಅದು ಏನೆಂದು ಗುಡ್ರುನ್ ನಮಗೆ ಹೇಳಲಿಲ್ಲ. ನಾವು ಕೇಳಲೂ ಇಲ್ಲ. ತಂದೆಯನ್ನು ಕ್ಷಮಿಸಲು ತನ್ನಿಂದಾಗದು, ಆದರೆ ಅಮ್ಮನ ಕೋಣೆಗೆ ಹೋಗಲು ಈಗ ಕಾಲು ಹಿಂಜರಿಯುವುದಿಲ್ಲ ಎಂದಷ್ಟೇ ಹೇಳಿದಳು. ಕೋಟು ಅವಳ ಬೀರುವಿನಲ್ಲೇ ಉಳಿಯಿತು.

ಆ ಬೇಸಿಗೆಯಲ್ಲಿ ಸೆನ್ಸಿ ರೈಲು ಹತ್ತಿ ಶ್ಟ್ರಾವ್‌ಬಿಂಗ್‌ಗೆ ಹೋದಳು, ನನ್ನನ್ನೂ ಎಳೆದುಕೊಂಡು. ಮುದುಕಿ ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ಸೆನ್ಸಿಯ ಲಂಗದ ಅಂಚಿಗೆ ಬೆರಳು ಹಾಕಿ ತಿರುವಿದಳು.

“ಇದನ್ನ ಯಾರು ಹೊಲಿದ್ರು?”

“ನಾನೇ.”

“ಹೊಲಿಗೆ ದೊಡ್ಡದಾಯ್ತು. ಕೂತ್ಕೊ.”

ಸೆನ್ಸಿ ಕೂತಳು. ಆ ಕಾಲದ ತುಕ್ಕು ಸೂಜಿಗಳ ಮಾತು ಬಂತು, ದಪ್ಪ ಉಣ್ಣೆಯನ್ನು ದಾಟುವಾಗ ಅವು ಹೇಗೆ ಮುರಿಯುತ್ತಿದ್ದವು ಎಂಬ ಮಾತು ಬಂತು. ಇಬ್ಬರೂ ಸೂಜಿ ಚುಚ್ಚಿ ಜಡ್ಡುಗಟ್ಟಿದ ತಮ್ಮ ತೋರುಬೆರಳ ತುದಿಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು. ಗುಡ್ರುನ್ ಅಮ್ಮನ ಮಂಚದ ಅಂಚಿನಲ್ಲಿ ಕೂತು, ಹಿಂದೆಂದೂ ಕೇಳಿರದ ಆ ಮಾತುಗಳನ್ನು ಊಟದ ಗಂಟೆ ಹೊಡೆಯುವವರೆಗೂ ಕೇಳುತ್ತಿದ್ದಳು.