ಪಾಟೀಲರ ಕಟ್ಟೆಯ ಹಾಜರಿ

೧೯೫೨ರ ಆಗಸ್ಟ್ ೩೧ರಂದು ಅಪರಾಧಿ ಬುಡಕಟ್ಟುಗಳ ಕಾಯ್ದೆ ದೇಶದಾದ್ಯಂತ ರದ್ದಾಯಿತು. ಹುಟ್ಟಿನಿಂದಲೇ ಕಳ್ಳರೆಂದು ಬರೆಸಿಕೊಂಡಿದ್ದ ಜನ ಅಂದಿನಿಂದ ಯಾರ ಮುಂದೆಯೂ ಹಾಜರಿ ಕೊಡಬೇಕಾಗಿರಲಿಲ್ಲ. ಕಮಲಾಪುರದ ಆಚೆಗಿನ ಒಂದು ಹಳ್ಳಿಯಲ್ಲಿ, ಅಂಥದೇ ಬುಡಕಟ್ಟಾದ ಹರಣಶಿಕಾರಿಗಳ ಹಟ್ಟಿಗೆ ಈ ಸುದ್ದಿ ಮುಟ್ಟಿದ್ದು ೧೯೮೬ರಲ್ಲಿ.

ಮುಟ್ಟಿಸಿದ್ದು ನಾನು ವರದಿಗಾರನಾಗಿದ್ದ ಪತ್ರಿಕೆಯಲ್ಲ. ಹಟ್ಟಿಯ ಹಿರಿಯರೊಬ್ಬರ ಮಗ ಕಲಬುರಗಿಯಲ್ಲಿ, ಕುಸನೂರ ಕಡೆಯ ವಿಶ್ವವಿದ್ಯಾಲಯದಲ್ಲಿ ಮಾಲಿ ಕೆಲಸಕ್ಕಿದ್ದ. ಅಲ್ಲಿ ಯಾರೋ ವಿದ್ಯಾರ್ಥಿ ಮಾತಿಗೆ ಮಾತು ಬಂದು ಹೇಳಿದ್ದನಂತೆ. ಅಪ್ಪ, ಮಗ ಇಬ್ಬರೂ ಒಂದು ಮಧ್ಯಾಹ್ನ ನಮ್ಮ ಕಚೇರಿಗೆ ಬಂದರು. ಪ್ರತಿ ಹಬ್ಬದ ಹಿಂದಿನ ಸಂಜೆ ಹಟ್ಟಿಯ ಗಂಡಸರೆಲ್ಲ ಊರ ಪಾಟೀಲರ ಕಟ್ಟೆಯ ಮೇಲೆ ಕೂತು, ಹೆಸರು ಕೂಗಿದಾಗ ‘ಹಾಜರ್’ ಎಂದು, ಬೆಳಗಿನ ತನಕ ಅಲ್ಲೇ ಇರಬೇಕಿತ್ತು. ಮಗನೂ ಅದಕ್ಕಾಗಿ ರಜೆ ಹಾಕಿ ಊರಿಗೆ ಓಡಬೇಕು. ಇನ್ನೊಂದು ಸಲ ಹೀಗೆ ಹೋದರೆ ಕೆಲಸ ಇಲ್ಲ ಎಂದು ಮೇಲಿನವರು ಹೇಳಿಯಾಗಿತ್ತು. ದೀಪಾವಳಿ ಹತ್ತಿರ ಬಂದಿತ್ತು.

“ಹಾಜರಿ ಬಂದ್ ಆಗ್ಯಾದಂತ ಪೇಪರ್‌ನ್ಯಾಗ ಹಾಕ್ರಿ ಸಾಹೇಬ್ರ,” ಎಂದರು ಹಿರಿಯರು. “ನಮ್ಮ ಪಾಟೀಲ್ರು ದಿನಾ ನಿಮ್ಮ ಪೇಪರ್ ಓದ್ತಾರ.”

ಮೂವತ್ತನಾಲ್ಕು ವರ್ಷ ಹಳೆಯ ಸುದ್ದಿ ಹಾಕಿದರೆ ಓದುಗರು ಚಂದಾ ವಾಪಸ್ ಕೇಳುತ್ತಾರೆ ಎಂದು ಸುದ್ದಿ ಸಂಪಾದಕರು ನಕ್ಕರು. ಕರಡು ತಿದ್ದುವವರು ಕನ್ನಡಕ ತೆಗೆದು, ಮೀಸಲಾತಿ ಕೊಟ್ಟಾಗಿದೆಯಲ್ಲ, ಇನ್ನೇನು ಬೇಕಂತೆ ಎಂದರು. ಮೋಮಿನಪುರದಿಂದ ಚಹಾ ತರುತ್ತಿದ್ದ ಹೋಟೆಲಿನವರ ಪ್ರಕಾರ ತಪ್ಪು ಬ್ರಿಟಿಷರದು, ನಿಜಾಮರದು. ಕ್ಷಮೆ ಕೇಳಬೇಕಾದವರು ಅವರು. ಅವರನ್ನು ಎಲ್ಲಿಂದ ಹಿಡಿದು ತರುವುದು ಎಂಬ ಪ್ರಶ್ನೆಗೆ ಎಲ್ಲರೂ ಚಹಾ ಕುಡಿದರು. ಅನ್ಯಾಯ ಆಗಿದೆ ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಿಲ್ಲ.

ಹಬ್ಬದ ಹಿಂದಿನ ದಿನ ನಾನು ಅವರಿಬ್ಬರ ಜೊತೆ ಬಸ್ಸು ಹತ್ತಿದೆ. ಕಮಲಾಪುರದಲ್ಲಿ ಇಳಿದು ನಡೆದೆವು.

ಪಾಟೀಲರು ಸಭ್ಯರು. ನನಗೆ ಕುರ್ಚಿ ಹಾಕಿಸಿ, ತಮ್ಮ ತೋಟದ ಕೆಂಪು ಬಾಳೆಹಣ್ಣು ಕೊಟ್ಟರು. ತೋಟ ಕಾಯುವವರು ಹಟ್ಟಿಯವರೇ. ಇವರಿದ್ದರೆ ಒಂದು ಗೊನೆಯೂ ಹೋಗುವುದಿಲ್ಲ ಎಂದು ಮೆಚ್ಚಿ ಹೇಳಿದರು. ಮತ್ತೆ ಹಾಜರಿ ಯಾಕೆ ಎಂದು ಕೇಳಿದೆ.

“ಅದು ಕಾಯ್ದೆ ಅಲ್ರಿ, ಪದ್ಧತಿ. ಇವರು ಇಲ್ಲಿ ಕುಂತರಂದ್ರ ಯಾರೂ ಇವರ ಮ್ಯಾಲ ಬೊಟ್ಟ ಮಾಡಂಗಿಲ್ಲ.”

ಅದು ಖರೆ ಎಂದು ಹಿರಿಯರೂ ತಲೆಯಾಡಿಸಿದರು. ಒಂದು ವರ್ಷ ಜ್ವರ ಬಂದು ಅವರು ಕಟ್ಟೆಗೆ ಬಂದಿರಲಿಲ್ಲ. ಊರಲ್ಲಿ ಕಾಣೆಯಾದ ಆಡಿನ ಆರೋಪ ಅವರ ಮೇಲೆ ಬಂತು. ಆಡು ತಾನಾಗಿ ಮನೆಗೆ ಬಂದ ಮೇಲೂ ಯಾರೂ ಬಂದು ಮಾತಾಡಿಸಲಿಲ್ಲ.

ಗಂಡಸರು ಬಂದು ಕೂತರು. ಹಿರಿಯರು ಮಾತ್ರ ನಿಂತೇ ಇದ್ದರು.

“ಪಾಟೀಲ್ರ, ಸರಕಾರ ನಿಮ್ಮ ಪಾಟೀಲ್ಕಿನೂ ತಗದಾದ, ನಮ್ಮ ಕಳ್ಳತನಾನೂ ತಗದಾದ. ನಾವಿಬ್ರೂ ಇನ್ನಾ ಇಲ್ಲಿ ಯಾಕ ಕುಂತೀವಿ?”

ಪಾಟೀಲರ ಹುದ್ದೆ ರದ್ದಾಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಅವರು ನಕ್ಕು, ಕೆಮ್ಮಿ, ನನ್ನ ಕಡೆ ನೋಡಿದರು. ಆಮೇಲೆ, ಆಯಿತು, ಇನ್ನು ಬರಬೇಡಿ ಎಂದು ಮೀಸೆಯೊಳಗೇ ಹೇಳಿದರು.

“ಕೇಳಸಲಿಲ್ರಿ,” ಎಂದರು ಹಿರಿಯರು. “ಹಾಜರಿ ಕೂಗೂಮುಂದ ಊರ ಅಗಸಿ ಬಾಗ್ಲ ತನಾ ಕೇಳತಿತ್ತು.”

ಪಾಟೀಲರು ಎದ್ದು ರುಮಾಲು ಸರಿಮಾಡಿಕೊಂಡು, ಹಾಜರಿಯ ದನಿಯಲ್ಲೇ ಒಬ್ಬೊಬ್ಬರ ಹೆಸರು ಹಿಡಿದು ‘ಇನ್ನ ಬರಬ್ಯಾಡ’ ಎಂದು ಕೂಗತೊಡಗಿದರು. ಓಣಿಯ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಮೂಲೆಯಲ್ಲಿದ್ದ ಒಬ್ಬ ತನ್ನ ಹೆಸರು ಕೇಳಿದ್ದೇ ತಡ, ರೂಢಿಯಂತೆ ‘ಹಾಜರ್’ ಎಂದುಬಿಟ್ಟ. ಕಟ್ಟೆಗೆ ಕಟ್ಟೆಯೇ ನಕ್ಕಿತು. ಪಾಟೀಲರೂ ನಕ್ಕರು.

ಕೂಗಿ ಮುಗಿದ ಮೇಲೆ ಯಾರೂ ಏಳಲಿಲ್ಲ. ಅಷ್ಟು ಬೇಗ ಎದ್ದು ಹೋಗಿ ಅವರಿಗೆ ಅಭ್ಯಾಸವಿರಲಿಲ್ಲ. ಬೆಳಿಗ್ಗೆ ಕೆಲಸದಲ್ಲಿರಬೇಕಾದ ಮಗನ ಬಸ್ಸು ತಪ್ಪುತ್ತದೆಂದು ಹಿರಿಯರು ಮೊದಲು ಹೊರಟರು. ಉಳಿದವರು ಅವರ ಹಿಂದೆ ಇಳಿದರು.

ನನ್ನ ವರದಿ ಒಳಪುಟದ ಕೆಳಗೆ ಬಂತು. ಹಳೆಯದನ್ನು ಕೆದಕುವುದೇಕೆ ಎಂದು ಇಬ್ಬರು ಓದುಗರು ಪತ್ರ ಬರೆದರು. ಮಗನ ಕೆಲಸ ಉಳಿಯಿತು, ಮುಂದೆ ಕಾಯಂ ಆಯಿತು. ಹಟ್ಟಿಯವರು ಮತ್ತೆ ಕಟ್ಟೆಗೆ ಹೋಗಲಿಲ್ಲ.

೨೦೦೨ರಲ್ಲಿ ಅದೇ ಊರಿನ ತೋಟವೊಂದರ ಪಂಪ್‌ಸೆಟ್ ಕಾಣೆಯಾಯಿತು. ಮಾಲೀಕರು ಮೊದಲು ಹೋಗಿ ವಿಚಾರಿಸಿದ್ದು ಹಟ್ಟಿಯಲ್ಲಿ. ಪಂಪ್‌ಸೆಟ್ಟನ್ನು ಮಾಲೀಕರ ಸ್ವಂತ ಅಳಿಯ ರಿಪೇರಿಗೆಂದು ಕಮಲಾಪುರಕ್ಕೆ ಒಯ್ದಿದ್ದರು.