ಕೆಲಸ ಬಿಟ್ಟವಳ ಫೋನಿನಲ್ಲಿ ನಮ್ಮ ಡ್ರಾಯಿಂಗ್

ಸವಿತಾ ಅದನ್ನು ಕೋಪದಲ್ಲಿ ಹೇಳಿದಳೋ ತಮಾಷೆಗೋ, ಈಗಲೂ ನನಗೆ ಖಚಿತವಿಲ್ಲ. ರಾಜಾಜಿನಗರದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ನಮ್ಮ ಕಾರ್ಖಾನೆಗೆ ಅವಳು ಆಯುಧಪೂಜೆಗೆಂದು ಬಂದಿದ್ದಳು. ನಮ್ಮಲ್ಲಿ ಡಿಸೈನರ್ ಆಗಿದ್ದವಳು ಆಗ ನಮ್ಮ ಪ್ರತಿಸ್ಪರ್ಧಿಯ ಹತ್ತಿರ ಕೆಲಸದಲ್ಲಿದ್ದಳು.

“ಸಾರ್, ಕಸ್ಟಮರ್ ಡ್ರಾಯಿಂಗ್ ಇರೋ ಫೋಲ್ಡರ್ ಇನ್ನೂ ನನ್ನ ಫೋನಲ್ಲಿ ಕಾಣಿಸ್ತಾ ಇದೆ. ನನ್ನ ಲಾಗಿನ್ ತೆಗೆಯೋಕೆ ಮುಹೂರ್ತ ನೋಡ್ತಾ ಇದೀರಾ?”

“ತೆಗೆದ್ರೆ ಬೇಜಾರು ಮಾಡ್ಕೋತೀಯ ಅನ್ಕೊಂಡೆ ಕಣಮ್ಮಾ.”

“ನಾಳೆ ಏನಾದ್ರೂ ಲೀಕ್ ಆದ್ರೆ ಮೊದ್ಲು ನನ್ನ ಮೇಲೇ ಡೌಟ್ ಪಡ್ತೀರ. ಬೇಜಾರಾಗೋದು ಆಗ.”

ಅವಳೆದುರಿಗೇ ಅವಳ ಲಾಗಿನ್ ರದ್ದು ಮಾಡಿದೆ. ಈಗ ಯಾರೇ ಕೆಲಸ ಬಿಟ್ಟರೂ ಮೊದಲು ಲಾಗಿನ್ ತೆಗೆಯುತ್ತೇವೆ, ಬೀಳ್ಕೊಡುಗೆಯ ಕಾಫಿ ಆಮೇಲೆ. ಅವಳ ಮಾತು ನನ್ನ ನೆನಪಿನಲ್ಲಿ ಅಷ್ಟಿಷ್ಟು ಬದಲಾಗಿರಬಹುದು. ಆದರೆ ಕಂಪ್ಯೂಟರಿನ ದಾಖಲೆಯನ್ನು ನಾನೇ ಪರಿಶೀಲಿಸಿದ್ದೇನೆ: ಕೆಲಸ ಬಿಟ್ಟ ದಿನದಿಂದ ಅವಳು ನಮ್ಮ ಒಂದೇ ಒಂದು ಫೈಲನ್ನೂ ತೆರೆದಿರಲಿಲ್ಲ.