ಕೆಂಪು ದೀಪದ ಮೇಲಿನ ಪಟ್ಟಿ

ಉಷಾರಾಣಿ ಒಳ್ಳೆಯ ಕೆಲಸಗಾರ್ತಿ ಎಂಬುದಕ್ಕೆ ಸಾಕ್ಷಿಯೇ ಇರಲಿಲ್ಲ. ಚನ್ನಗಿರಿಯ ಒಂದು ಖಾಸಗಿ ಆಸ್ಪತ್ರೆಯ ವೈಫೈಯನ್ನು ಐದು ವರ್ಷ ನೋಡಿಕೊಂಡಳು. ಅದು ಒಂದು ದಿನವೂ ನಿಲ್ಲಲಿಲ್ಲ. ನಿಲ್ಲದೆ ನಡೆಯುವುದನ್ನು ಯಾರು ತಿರುಗಿ ನೋಡುತ್ತಾರೆ?

ಗೋವಿನಕೋವಿಯಲ್ಲಿ ಹುಟ್ಟಿ, ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಚನ್ನಗಿರಿಗೆ ಬಂದವಳು. ನಾಲ್ಕು ವರ್ಷದ ಮಗಳಿದ್ದಳು. ವರ್ಷಕ್ಕೊಮ್ಮೆ ಗುತ್ತಿಗೆ ಕಾಗದಕ್ಕೆ ಸಹಿ ಹಾಕುವಾಗೆಲ್ಲ ಅವಳಿಗೆ ಒಂದೇ ಆಸೆ: ಈ ಸಲವಾದರೂ ಕಾಯಂ ಆಗಲಿ.

ಆಸ್ಪತ್ರೆಯ ವೈಫೈ ಪೂರ್ತಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದ ಎರಡು ಪೆಟ್ಟಿಗೆಗಳ ಕೈಯಲ್ಲಿತ್ತು. ಒಂದು ದುಡಿಯುತ್ತಿತ್ತು, ಇನ್ನೊಂದು ಎಚ್ಚರವಾಗಿ ಕಾಯುತ್ತಿತ್ತು. ಮೊದಲನೆಯದು ಕೆಟ್ಟರೆ ರೆಪ್ಪೆ ಬಡಿಯುವಷ್ಟರಲ್ಲಿ ಎರಡನೆಯದು ಹೆಗಲು ಕೊಡಬೇಕು. ಆ ಧೈರ್ಯದ ಮೇಲೆಯೇ ಎರಡು ಮಹಡಿಗೆ ಒಬ್ಬಳೇ ನರ್ಸ್ ಇದ್ದಳು. ರೋಗಿಯ ಮಂಚದ ಪಕ್ಕದ ಯಂತ್ರ ಕೂಗಿದರೆ, ವೈಫೈ ಮೂಲಕ ನರ್ಸ್ ಕೈಯ ಫೋನೂ ಕೂಗುತ್ತಿತ್ತು.

ಯುಗಾದಿ ಕಳೆದ ವಾರ ಮೊದಲ ಪೆಟ್ಟಿಗೆ ಕೆಟ್ಟಿತು. ಎರಡನೆಯದು ಹೆಗಲು ಕೊಟ್ಟಿತು. ಯಾರಿಗೂ ಗೊತ್ತಾಗಲಿಲ್ಲ. ಉಷಾರಾಣಿ ಮಾತ್ರ ಮ್ಯಾನೇಜರ್ ವಿನಯ್ ಕುಮಾರ್ ಎದುರು ನಿಂತಳು.

"ಸರ್, ಹೊಸಾದು ತರಿಸ್ಬೇಕು. ಈಗಿರೋದು ಒಂದೇ."

"ನಡೀತೈತಲ್ಲ?"

"ನಡೀತೈತೆ ಸರ್. ಅದೂ ಹೋದ್ರೆ?"

"ಹೋದಾಗ ನೋಡಾನ ಬಿಡ್ರಿ. ಮನೇಲಿ ಗಂಡ ಗಟ್ಟಿಯಾಗಿದ್ರೂ ಇನ್ನೊಬ್ಬನ್ನ ರೆಡಿ ಇಟ್ಕೊಂಡಿದೀರೇನು?"

ಪಕ್ಕದ ಮೇಜಿನವರು ನಕ್ಕರು. ಅವಳು ಮೂರು ಅರ್ಜಿ ಬರೆದಳು. ಮೂರೂ ಅವನ ಟೇಬಲ್ಲಿನ ಗಾಜಿನ ಕೆಳಗೆ ಉಳಿದವು.

ಮೇಲಿನ ಮಹಡಿಯಲ್ಲಿ ಸೂಳೆಕೆರೆ ಕಡೆಯ ಬಂಗಾರಮ್ಮ ಎಂಬ ಮುದುಕಿ ಎದೆನೋವಿಗೆ ಮಲಗಿದ್ದಳು. ಗೋಡೆಯ ವೈಫೈ ಡಬ್ಬಿಯ ದೀಪ ಉರಿಯುತ್ತಿದೆಯೇ ಎಂದು ನೋಡಲು ಉಷಾರಾಣಿ ಹೋದರೆ ಸಾಕು, ಕರೆಯುವಳು.

"ಲೈಟ್ ನೋಡೋ ಅವ್ವಾ, ನನ್ನ ಲೈಟ್ ಉರೀತೈತಾ?"

"ಉರೀತೈತೆ ಅಜ್ಜಿ, ನಿಮಗಿಂತ ಗಟ್ಟಿಯಾಗೈತೆ."

"ಹಂಗಾರೆ ಊರಿಗೆ ಹೋದ ಮ್ಯಾಲೆ ಕೆರೆ ಮೀನು ಕಳಿಸ್ತೀನಿ, ತಿನ್ನು. ಮೈಯಾಗೆ ಮೂಳೆ ಬಿಟ್ರೆ ಏನೂ ಇಲ್ಲ ನಿಂಗೆ."

ಆಸ್ಪತ್ರೆಯ ಪರವಾನಗಿ ನವೀಕರಣಕ್ಕೆ ತಪಾಸಣೆಯವರು ಬರುವ ಹಿಂದಿನ ದಿನ ವಿನಯ್ ಕುಮಾರ್ ಅವಳ ಮುಂದೆ ಎರಡು ಕಾಗದ ಇಟ್ಟ. ಒಂದು ಅವಳನ್ನು ಕಾಯಂ ಮಾಡುವ ಆದೇಶ. ಅವನ ಸಹಿಯೊಂದೇ ಬಾಕಿ. ಇನ್ನೊಂದರಲ್ಲಿ ಒಂದೇ ಸಾಲು: ಎರಡೂ ಪೆಟ್ಟಿಗೆಗಳು ಸುಸ್ಥಿತಿಯಲ್ಲಿವೆ.

"ಮೊದ್ಲು ನೀವು ಹಾಕ್ರಿ. ಆಮ್ಯಾಲೆ ನಾನು."

ಅವಳು ಹಾಕಿದಳು. ಹಾಕಿ, ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯನ್ನು ಉಗುರಿನಷ್ಟಗಲ ಕತ್ತರಿಸಿ, ಕೆಟ್ಟ ಪೆಟ್ಟಿಗೆಯಲ್ಲಿ ದೋಷ ತೋರಿಸಲು ಉರಿಯುತ್ತಿದ್ದ ಕೆಂಪು ದೀಪದ ಮೇಲೆ ತನ್ನ ಕೈಯಾರೆ ಅಂಟಿಸಿದಳು. ತಪಾಸಣೆಯವರು ಬಾಗಿಲಲ್ಲೇ ಇಣುಕಿ, ಟೀ ಕುಡಿದು ಹೋದರು.

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಗಿ ಬಂತು. ಎರಡನೇ ಪೆಟ್ಟಿಗೆ ಮಾತ್ರ ಏಳಲಿಲ್ಲ. ಹೆಗಲು ಕೊಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಬಂಗಾರಮ್ಮನ ಸೊಸೆ ಚೌಡಮ್ಮ ಗಂಜಿ ತರಲು ಹೋಗಿದ್ದಳು. ಮಂಚದ ಪಕ್ಕದ ಯಂತ್ರ ಕೂಗಿಯೇ ಕೂಗಿತು. ಕೆಳಗಿನ ಮಹಡಿಯಲ್ಲಿದ್ದ ನರ್ಸ್ ಫೋನು ತೆಪ್ಪಗಿತ್ತು. ಉಷಾರಾಣಿ ಪೆಟ್ಟಿಗೆಯನ್ನು ಎಬ್ಬಿಸುವಷ್ಟರಲ್ಲಿ ಹನ್ನೆರಡು ನಿಮಿಷ ಕಳೆದಿತ್ತು. ಮುದುಕಿ ಹೋಗಿಬಿಟ್ಟಿದ್ದಳು.

ವಿಚಾರಣೆಯ ದಿನ ವಿನಯ್ ಕುಮಾರ್ ಆ ಒಂದು ಸಾಲಿನ ಕಾಗದ ಎತ್ತಿ ಹಿಡಿದ.

"ನಿಮ್ಮದೇ ಅಲ್ವೇನ್ರೀ ಸಹಿ?"

"ನಂದೇ ಸರ್. ಆದ್ರೆ ಮೂರು ಅರ್ಜಿ..."

"ಯಾವ ಅರ್ಜಿ?"

ಟೇಬಲ್ಲಿನ ಗಾಜಿನ ಕೆಳಗೆ ಆಗ ದೇವರ ಪಟವೊಂದೇ ಇತ್ತು. ಕಾಯಂ ಆದೇಶಕ್ಕೆ ಅವನ ಸಹಿ ಬಿದ್ದೇ ಇರಲಿಲ್ಲ. ಅವಳನ್ನು ಕೆಲಸದಿಂದ ಬಿಡಿಸಿದ ವಾರವೇ ಎರಡು ಹೊಸ ಪೆಟ್ಟಿಗೆ ಬಂದವು.

ತಿಥಿ ಕಳೆದ ಮೇಲೆ ಚೌಡಮ್ಮ ಮನೆ ವಿಚಾರಿಸಿಕೊಂಡು ಬಂದಳು. ಕೈಯಲ್ಲಿ ಒದ್ದೆ ಚೀಲವಿತ್ತು.

"ಅತ್ತೆ ಹೇಳಿತ್ತು ಕಣ್ರೀ, ಲೈಟ್ ನೋಡೋ ಅವ್ವನಿಗೆ ಮೀನು ಕೊಡ್ಬೇಕು ಅಂತ. ಬ್ಯಾಡ ಅನ್ಬ್ಯಾಡ್ರಿ. ಅಷ್ಟು ದೊಡ್ಡ ಆಸ್ಪತ್ರೆಯಾಗೆ ದಿನಾ ಬಂದು ಮಾತಾಡ್ಸಿದೋರು ನೀವೊಬ್ರೇ."

ಉಷಾರಾಣಿ ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ಚೀಲ ಹಿಡಿದು ಒಳಗೋಡಿದ್ದಳು.

"ಕೂತ್ಕಳಿ, ನೀರು ಕೊಡ್ತೀನಿ," ಎಂದಷ್ಟೇ ಹೇಳಿದಳು ಉಷಾರಾಣಿ.

ಚೌಡಮ್ಮ ನೀರು ಕುಡಿದು ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಮೀನು ಹೆಚ್ಚು ಹೊತ್ತು ಇಟ್ಟರೆ ಕೆಡುತ್ತದೆ. ಉಷಾರಾಣಿ ಉಪ್ಪು ಹಚ್ಚಿ ತೊಳೆದಳು, ಹುಳಿ ಹಿಂಡಿ ಸಾರು ಮಾಡಿದಳು. ಒಂದೊಂದೇ ಮುಳ್ಳು ತೆಗೆದು ಮಗಳ ಬಾಯಿಗಿಟ್ಟಳು.

"ನೀನೂ ತಿನ್ನಮ್ಮ," ಎಂದಿತು ಮಗು.

ಅವಳು ತಿಂದಳು.